ಬಾವಿಗಳ ಸಾಲು

ಚಿತ್ತಯ್ಯ ದಾರ ಹಿಡಿದು ಮುರುಗಪ್ಪನವರ ಅಂಗಾಲು ಅಳೆಯುತ್ತಿದ್ದಾಗ ಸುಚಿತ್ರಾ ಬಬ್ಬೂರಿನ ಅವರ ಮನೆಯ ಪಡಸಾಲೆಗೆ ಬಂದಳು. ಮುರುಗಪ್ಪನವರ ದೇಹವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಸತ್ತವರ ಪಾದದಿಂದಲೇ ಅಳೆದು ಒಂಬತ್ತು ಪಾದದ ಗುಂಡಿ ತೋಡುವುದು ಅವರ ಕಡೆಯ ಪದ್ಧತಿ.

"ಸರಿಯಾಗಿ ಹಿಡಿಯಪ್ಪ," ಅಂದರು ಯಾರೋ.

"ಮೂವತ್ತು ವರ್ಷ ಇವನ ಕೈಕೆಳಗೆ ಕಲ್ಲು ಹೊತ್ತೀನಿ. ಒಂದು ನೂಲು ತಪ್ಪಿದ್ರೂ ಎದ್ದು ಬೈತಾನೆ," ಅಂದ ಚಿತ್ತಯ್ಯ. ಅಳುವಿನ ನಡುವೆಯೇ ಒಂದಿಬ್ಬರು ನಕ್ಕರು.

ಸುಚಿತ್ರಾಗೆ ನಗು ಬರಲಿಲ್ಲ. ದುರ್ಗದ ವಿಶ್ವವಿದ್ಯಾಲಯದಲ್ಲಿ ಕಲೆ ಮತ್ತು ವಾಸ್ತುಶಿಲ್ಪದ ಸಂಶೋಧನಾ ಗ್ರಂಥಾಲಯ ನೋಡಿಕೊಳ್ಳುವವಳು ಅವಳು. ನಾಲ್ಕು ತಿಂಗಳ ಹಿಂದೆ ಈ ಮನುಷ್ಯನ ಓದುಗರ ಕಾರ್ಡನ್ನು ಅವಳೇ ಕಿತ್ತುಕೊಂಡಿದ್ದಳು.

*

ಮುರುಗಪ್ಪ ಮೊದಲು ಬಂದದ್ದು ಮಠದವರ ಪತ್ರ ಹಿಡಿದುಕೊಂಡು. ಹಳೇ ಬಾವಿ, ಕಲ್ಯಾಣಿ ರಿಪೇರಿ ಮಾಡುವ ಮೇಸ್ತ್ರಿ. "ಇಂಗ್ಲಿಷ್ ಬರಲ್ಲಮ್ಮ. ನಕ್ಷೆ ಬರ್ತೈತೆ," ಅಂದಿದ್ದರು. ಇಲ್ಲಿ ಪೆನ್ನು ಕೂಡದು, ಪೆನ್ಸಿಲ್ ಮಾತ್ರ ಅಂದಾಗ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ತೋರಿಸಿದ್ದರು.

ಆರು ವರ್ಷ, ಕೆಲಸವಿಲ್ಲದ ದಿನವೆಲ್ಲ ಬಂದರು. ಒಂದೊಂದು ನಕ್ಷೆಯ ಮುಂದೆ ಅರ್ಧ ದಿನ ಕೂರುತ್ತಿದ್ದರು. ಒಮ್ಮೆ ಅಚ್ಚಾದ ನಕ್ಷೆಯಲ್ಲೇ ತಪ್ಪು ಹಿಡಿದರು: "ಈ ಮೆಟ್ಲು ಹಿಂಗಿದ್ರೆ ಕೊಡ ಹೊತ್ತ ಹೆಂಗ್ಸು ಬೀಳ್ತಾಳೆ." ವಿಭಾಗದ ಪ್ರೊಫೆಸರರು ಆ ಬಾವಿಗೇ ಹೋಗಿ ಅಳೆದು ಬಂದು, ಮೇಸ್ತ್ರಿಗೆ ಕೈಮುಗಿದರು.

ಆಮೇಲೆ ಕಲ್ಯಾಣಿಗಳ ದೊಡ್ಡ ಸಂಪುಟ ಕಾಣೆಯಾಯಿತು. ಕೊನೆಗೆ ನೋಡಿದವರು ಮುರುಗಪ್ಪ. ನೋಡಿದ ಪುಸ್ತಕ ಮೇಜಿನ ಮೇಲೇ ಬಿಡಬೇಕು, ಸಿಬ್ಬಂದಿಯೇ ಕಪಾಟಿಗೆ ಸೇರಿಸಬೇಕು ಎಂಬುದು ಅಲ್ಲಿನ ನಿಯಮ. ಮೇಜಿನ ಮೇಲೂ ಇಲ್ಲ, ಅದರ ನಂಬರಿನ ಜಾಗದಲ್ಲೂ ಇಲ್ಲ.

"ಇಟ್ಟೀನಮ್ಮ," ಅಂದರು.

ಎಲ್ಲಿ ಎಂದು ಅವಳು ಕೇಳಲಿಲ್ಲ. ಕಾರ್ಡಿಗಾಗಿ ಕೈ ಚಾಚಿದಳು. ಅವರು ಕೊಟ್ಟು ಹೋದರು.

*

ಮುರುಗಪ್ಪನವರ ಹೆಂಡತಿ ಮಹಾದೇವಮ್ಮ ಅವಳನ್ನು ಕಂಡು ಚಾಪೆಯಲ್ಲಿ ಜಾಗ ಮಾಡಿದರು.

"ಲೈಬ್ರರಿ ಮೇಡಂ ಅಲ್ಲೇನ್ರಿ? ಕುಂತ್ಕಳ್ರಿ. ಕಣ್ಣು ಮಂಜಾಗೈತೆ, ಅದ್ಕೇ ಕಾರ್ಡು ನಾನೇ ವಾಪಸ್ ಕೊಟ್ಟೆ ಅಂದ್ರು ಇವ್ರು. ನಿಮ್ಮನ್ನ ಬಾಳ ಹೊಗಳೋರು."

ಸುಚಿತ್ರಾ ಚಾಪೆಯ ಅಂಚಿಗೆ ಕೂತಳು. "ಕಣ್ಣಲ್ಲಮ್ಮ. ನಾನೇ ಕಿತ್ಕೊಂಡೆ. ಒಂದು ಪುಸ್ತಕ ಸಿಗಲಿಲ್ಲ. ಕದ್ದಿದಾರೆ ಅಂದ್ಕೊಂಡೆ."

ಮಹಾದೇವಮ್ಮ ಅವಳನ್ನೇ ನೋಡಿದರು. ಸಿಟ್ಟಿಗಿಂತ ಅಚ್ಚರಿಯೇ ಹೆಚ್ಚಿತ್ತು.

"ಉಂಡ ತಟ್ಟೆ ಬಿಟ್ಟೇಳೋರಲ್ಲ ನಮ್ಮ ಯಜಮಾನ್ರು. ತೊಳ್ದು ತಟ್ಟೆ ಜತೆ ತಟ್ಟೆ, ಲೋಟದ ಜತೆ ಲೋಟ ಇಡೋರು. ಪಾಪ, ಲೈಬ್ರರಿಯಾಗೆ ಬಾವಿಗಳ್ನ ಚೆಲ್ಲಾಪಿಲ್ಲಿ ಮಾಡವ್ರೆ ಕಣೇ, ನಾನೇ ಒಂದ್ಕಡೆ ಕೂಡುಸ್ತಿದೀನಿ ಅನ್ನೋರು. ಕಿಟಕಿ ಪಕ್ಕ, ಕೆಳಗಿನ ಖಾನೆಯಾಗೆ."

ಸುಚಿತ್ರಾ ಅಂಗಳಕ್ಕೆ ಬಂದು, ಗ್ರಂಥಾಲಯದ ಸಹಾಯಕ ಕೊಟ್ರೇಶನಿಗೆ ಫೋನು ಮಾಡಿ ಆ ಖಾನೆ ನೋಡಲು ಹೇಳಿದಳು.

ಅವನು ತಿರುಗಿ ಮಾಡುವಷ್ಟರಲ್ಲಿ ಭಜನೆಯವರ ಹಿಂದೆ ಎಲ್ಲರೂ ಹೊಲ ಸೇರಿಯಾಗಿತ್ತು. ಮುರುಗಪ್ಪನವರನ್ನು ಗುಂಡಿಯೊಳಗಿನ ಗೂಡಿನಲ್ಲಿ ಕೂರಿಸಿ, ಸುತ್ತ ಬಿಲ್ವಪತ್ರೆ ತುಂಬುತ್ತಿದ್ದರು.

"ಮೇಡಂ, ಸಿಕ್ತು! ಅದೊಂದೇ ಅಲ್ಲ, ಹದಿನಾಲ್ಕು ಅವೆ. ಎಲ್ಲಾ ಬಾವಿ, ಕಲ್ಯಾಣಿವೇ. ಯಾರೂ ಕೇಳದ ಪುಸ್ತಕ, ಹಂಗಾಗಿ ನಮಗೆ ಗೊತ್ತೇ ಆಗಿಲ್ಲ. ಮೊದಲ್ನೇದು ನಾಕು ಮೆಟ್ಲಿಂದು, ಆಮೇಲೆ ಏಳು, ಹನ್ನೊಂದು... ಆಳ ನೋಡಿ ಜೋಡ್ಸವ್ರೆ ಮೇಡಂ! ಇವನ್ನೆಲ್ಲ ಅವುಗಳ ನಂಬರಿನ ಜಾಗಕ್ಕೆ ಹಾಕ್ಲಾ?"

"ಬೇಡ. ಪುಸ್ತಕ ಅಲ್ಲಾಡಿಸಬೇಡ. ನಂಬರ್ ಬದಲಾಯಿಸೋಣ."

ಫೋನು ಕೈಯಲ್ಲೇ ಇತ್ತು. ಜನರ ನಡುವೆ ದಾರಿ ಮಾಡಿಕೊಂಡು ಮಹಾದೇವಮ್ಮನ ಹತ್ತಿರ ಹೋದಳು. "ಸಿಕ್ತಮ್ಮ. ಅವರು ಇಟ್ಟ ಕಡೆಯೇ ಇತ್ತು."

"ನಂಗ್ಯಾಕೆ ಹೇಳ್ತೀರಿ? ನಂಗೆ ಗೊತ್ತಿತ್ತಲ್ಲ." ಮಹಾದೇವಮ್ಮ ಗುಂಡಿಯ ಕಡೆ ಕಣ್ಣು ತೋರಿಸಿದರು. "ಅವ್ರಿಗೆ ಹೇಳ್ರಿ. ಮಣ್ಣು ಬೀಳೋಕ್ ಮುಂಚೆ."

ಚಿತ್ತಯ್ಯ ಗುದ್ದಲಿ ತಡೆದು ನಿಂತ. ಸುಚಿತ್ರಾ ಗುಂಡಿಯ ಅಂಚಿನಲ್ಲಿ ಮೊಣಕಾಲೂರಿ ಬಗ್ಗಿದಳು. ಫೋನಿದ್ದ ಕೈಯನ್ನೇ ಅವರ ಕಡೆ ಚಾಚಿದಳು. ಫೋನು ಇಡುವುದನ್ನು ಕೊಟ್ರೇಶ ಮರೆತಿದ್ದ. ಅವಳ ಅಂಗೈಯೊಳಗಿಂದ ಮೆಲ್ಲಗೆ, ಅಲ್ಲಿ ದೂರದ ಗ್ರಂಥಾಲಯದಲ್ಲಿ ಯಾರೋ ನಿಧಾನವಾಗಿ ದೊಡ್ಡ ದೊಡ್ಡ ಹಾಳೆ ಮಗುಚುವ ಸದ್ದು ಕೇಳುತ್ತಿತ್ತು.