ಬಿಂಟಾಳ ಒರಳು

ಒಂದು ಪೈನ್ ದಿಮ್ಮಿಯ ನೆತ್ತಿಯ ಮೇಲೆ ಕೆಂಡ ಸುರಿದ ದಿನ ನಾನು ಹುಟ್ಟಿದೆ. ಕೆಂಡ ಸುಟ್ಟಷ್ಟನ್ನು ಕ್ವಾಕು ಉಳಿಯಿಂದ ಕೆರೆದು ತೆಗೆದ, ಮತ್ತೆ ಕೆಂಡ ಹಾಕಿದ. ಹೀಗೆ ನನಗೆ ಹೊಟ್ಟೆ ಬಂತು. ನಾನು ಭತ್ತ ಕುಟ್ಟುವ ಒರಳಾದೆ.

ನನ್ನ ಊರು ಅಮೆರಿಕದ ದಕ್ಷಿಣ ಕರೋಲಿನಾ. ಆಗ ಅದು ಇಂಗ್ಲೆಂಡಿನ ದೊರೆಯ ವಸಾಹತು. ಜೌಗು ನೆಲ, ಹೊಳೆ, ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ. ಎಲ್ಲವೂ ಪೆರಿನ್ ಧಣಿಯದು. ಆಫ್ರಿಕದಿಂದ ಹಡಗಿನಲ್ಲಿ ತಂದು ಮಾರಿದ ಜನ ಆ ಗದ್ದೆಗೆ ಇಳಿಯುತ್ತಿದ್ದರು. ಅವರೂ ಧಣಿಯ ಸ್ವತ್ತೇ.

ಅವರಲ್ಲೊಬ್ಬನಾದ ಕ್ವಾಕು ನನ್ನನ್ನು ಮಾಡಿದ್ದು ಹೆಂಡತಿ ಬಿಂಟಾಳಿಗಾಗಿ. ಅವಳು ನನ್ನೊಳಗೆ ಕೈಯಾಡಿಸಿದಳು.

"ನಮ್ಮವ್ವನ ಒರಳೂ ಇಷ್ಟೇ ಆಳ ಇತ್ತು. ನಿಂಗೆ ಹೆಂಗೆ ಗೊತ್ತಾಯ್ತು?"

"ನಿನ್ನ ತೋಳು ನೋಡಿ ಕೆತ್ತಿದೆ," ಎಂದ ಅವನು.

ಗದ್ದೆ ಕೆಲಸ ಮುಗಿಸಿ ಬಂದ ಹೆಂಗಸರು ನನ್ನ ಸುತ್ತ ನಿಂತು ಕುಟ್ಟುತ್ತಿದ್ದರು. ಇಡಿ ಅಕ್ಕಿ ಪೀಪಾಯಿ ಸೇರಿ ಹಡಗು ಹತ್ತುತ್ತಿತ್ತು, ನುಚ್ಚು ಅವರ ಗಡಿಗೆಗೆ. ತೋಳು ಸೋತು ಒನಕೆ ಓರೆಯಾಗಿ ಬಿದ್ದರೆ ಅಕ್ಕಿ ಒಡೆಯುತ್ತಿತ್ತು. ಆಗ ಮೇಸ್ತ್ರಿ ಚಾಟಿ ತೆಗೆಯುತ್ತಿದ್ದ. ಒಡೆದದ್ದು ನನ್ನ ಹೊಟ್ಟೆಯಲ್ಲಿ, ಏಟು ಅವರ ಬೆನ್ನಿಗೆ.

ಹೀಗಿರುವಾಗ ಧಣಿಯ ಮಗಳು ಸೂಸನಾಳ ಮದುವೆ ಗೊತ್ತಾಯಿತು. ಅವಳ ಜೊತೆ ಗಂಡನ ಮನೆಗೆ ಕಳಿಸುವ ಆಳುಗಳಲ್ಲಿ ಕ್ವಾಕುವೂ ಇದ್ದಾನೆಂಬ ಸುದ್ದಿ ಅಡುಗೆಮನೆಯಿಂದ ಬಂತು. ಆ ಭಾನುವಾರ ಪಾದ್ರಿ ವಿಂಟರ್ ಅಂಗಳ ದಾಟುತ್ತಿದ್ದಾಗ ಬಿಂಟಾ ಒನಕೆ ಬಿಟ್ಟು ಅವರಿಗೆ ಅಡ್ಡ ನಿಂತಳು.

"ಅಯ್ಯಾ, ಚರ್ಚಲ್ಲಿ ಮದುವೆಯಾದೋರನ್ನ ಯಾರೂ ಅಗಲಿಸಬಾರದು ಅಂತ ನಿಮ್ಮ ದೇವರು ಹೇಳ್ತಾನಂತೆ. ಹೌದಾ?"

"ಹೌದಮ್ಮ. ಆದರೆ ಮೊದಲು ದೀಕ್ಷಾಸ್ನಾನ ಆಗಬೇಕು. ಧಣಿಯಿಂದ ಬಿಡುಗಡೆಯ ಆಸೆಗೆ ಬಂದಿಲ್ಲ ಅಂತ ಎಲ್ಲರೆದುರು ಆಣೆ ಮಾಡಬೇಕು."

"ಮಾಡ್ತೀನಿ. ಬಿಡುಗಡೆ ಬೇಡ. ಇವನು ಇಲ್ಲಿದ್ರೆ ಸಾಕು."

ಇಬ್ಬರೂ ಆಣೆ ಮಾಡಿದರು. ತಲೆಗೆ ನೀರು ಬಿತ್ತು, ಚರ್ಚಿನಲ್ಲಿ ಮದುವೆಯೂ ಆಯಿತು. ಆ ವಾರವೆಲ್ಲ ಬಿಂಟಾ ಹಾಡುತ್ತ ಕುಟ್ಟಿದಳು.

ಪಾದ್ರಿ ಮಾತು ತಪ್ಪುವವರಲ್ಲ. ಧಣಿ ಅಕ್ಕಿ ನೋಡಲು ಅಂಗಳಕ್ಕೆ ಬಂದಾಗ, ಗಂಡ ಹೆಂಡಿರನ್ನು ಅಗಲಿಸುವುದು ಪಾಪವೆಂದು ಮೆಲ್ಲಗೆ ಹೇಳಿದರು. ಧಣಿ ಸಿಟ್ಟಾಗಲಿಲ್ಲ. ನನ್ನೊಳಗಿಂದ ಒಂದು ಹಿಡಿ ಅಕ್ಕಿ ಎತ್ತಿ ಹೊಟ್ಟು ಊದಿದರು.

"ನಿಮ್ಮ ಚರ್ಚಿನ ಹೊಸ ಚಾವಣಿ ಈ ಅಕ್ಕಿಯಿಂದಲೇ ಬಂದದ್ದು, ಪಾದ್ರಿಗಳೇ. ಆತ್ಮಗಳನ್ನು ನೀವು ನೋಡಿಕೊಳ್ಳಿ. ಆಳುಗಳನ್ನು ನಾನು ನೋಡಿಕೊಳ್ತೀನಿ."

ಪಾದ್ರಿ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಆಮೇಲೆ ಧಣಿಯ ಹಿಂದೆ ಊಟಕ್ಕೆ ಒಳಗೆ ಹೋದರು. ಬಿಂಟಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಒನಕೆ ಮಾತ್ರ ನಿಲ್ಲಲಿಲ್ಲ.

ಸೂಸನಾಳ ಮದುವೆ ಮುಗಿದ ಮೇಲೆ ದೋಣಿಗೆ ಸಾಮಾನು ಏರಿತು. ಮಂಚ, ಪೆಟ್ಟಿಗೆ, ಹಸು, ಆಳುಗಳು. "ಆ ಒರಳೂ ಬರಲಿ," ಎಂದಳು ಸೂಸನಾ. ಬಿಂಟಾ ನನ್ನ ಅಂಚು ಹಿಡಿದು ನಿಂತಿದ್ದಳು. ಮೇಸ್ತ್ರಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ನನ್ನನ್ನು ಹೊತ್ತು ದೋಣಿಯಲ್ಲಿ ಇಟ್ಟವನು ಕ್ವಾಕುವೇ. ಅವನಿಗೆ ಹೇಳಿದ್ದ ಕೆಲಸ ಅದು.

ಹೊಳೆಯ ಮೇಲ್ಗಡೆಯ ಹೊಸ ಮನೆಯಲ್ಲಿ ಜೂಬಾ ಎಂಬ ಮುದುಕಿ ನನ್ನಲ್ಲಿ ಕುಟ್ಟುತ್ತಿದ್ದಳು. ಕೆಲವು ವರ್ಷಗಳ ಮೇಲೆ ಕ್ವಾಕುವನ್ನು ಅಕ್ಕಿಯ ದೋಣಿಗೆ ಹುಟ್ಟು ಹಾಕಲು ಪಟ್ಟಣಕ್ಕೆ ಕಳಿಸಿದರು. ಹೊಳೆಯ ದಾರಿ ಪೆರಿನ್ ಧಣಿಯ ಗದ್ದೆಯ ಮುಂದೆಯೇ ಹೋಗುತ್ತಿತ್ತು. ಮರಳಿ ಬಂದವನು ಜೂಬಾಳ ಎದುರು ಕುಳಿತ.

"ಬಿಂಟಾ ಕಂಡಳಾ?" ಎಂದು ಅವಳು ಕೇಳಿದಳು.

"ದಡದಲ್ಲಿ ನಿಂತಿದ್ದಳು. ದೋಣಿ ನಿಲ್ಲಿಸೋಕೆ ಬಿಡಲಿಲ್ಲ. ಏನೋ ಕೂಗಿದಳು. ಹೊಳೆ ಅಲ್ಲಿ ಅಗಲ, ಗಾಳಿ ಬೇರೆ. ಕೇಳಿಸಲಿಲ್ಲ."

"ನೀನಾದ್ರೂ ಕೂಗಬೇಕಿತ್ತು."

"ಕೂಗಿದೆ. ಅವಳೂ ಕೇಳಿಸದೆ ಕಿವಿಗೆ ಕೈ ಆನಿಸಿದಳು."

ಮುಂದಿನ ಬೇಸಿಗೆ ಜ್ವರದಲ್ಲಿ ಕ್ವಾಕು ಸತ್ತ. ಬಿಂಟಾಳಿಗೆ ಆ ಸುದ್ದಿ ಮುಟ್ಟಿತೋ ಇಲ್ಲವೋ ನನಗೆ ತಿಳಿಯದು. ಈಗ ನನ್ನ ತಳ ಸೀಳಿದೆ. ಕೋಳಿಗೂಡಿನ ಪಕ್ಕ ಉರುಳಿಸಿದ್ದಾರೆ.

ನಾನು ಮರ. ಎತ್ತಿ ಇಟ್ಟಲ್ಲಿ ಇರುವವನು. ಕ್ವಾಕುವಿಗೆ ಕಾಲುಗಳಿದ್ದವು, ಹೊಳೆಯ ದಾರಿಯೂ ಗೊತ್ತಿತ್ತು. ಆದರೂ ಬಿಂಟಾ ನಿಂತಿದ್ದ ದಡದ ಮುಂದೆಯೇ ಅವನು ಹುಟ್ಟು ಹಾಕುತ್ತ ಹೋದ.