ಕಲ್ಲೇಶಪ್ಪನ ಹೆಸರಿಗೆ ಬಂದ ಯುಗಾದಿ ಲಕೋಟೆ

ವಾಗೀಶನ ಮೇಲೆ ನನಗಿರುವ ಸಿಟ್ಟು ನ್ಯಾಯವಾದದ್ದು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನಗೆ ಬುದ್ಧಿ ಹೇಳಲು ಬರಬೇಡಿ.

ರಾಯದುರ್ಗದಲ್ಲಿ ಅವನ ಅಪ್ಪ ರೇವಣಸಿದ್ದಯ್ಯನವರದು ಜೀನ್ಸ್ ಹೊಲಿಸಿ ಊರೂರಿನ ಅಂಗಡಿಗಳಿಗೆ ಕಳಿಸುವ ವ್ಯಾಪಾರ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಎರಡು ಸಾವಿರ ಅಂಗಡಿಯವರಿಗೆ ಬಟ್ಟೆಯ ಚೂರು ಪಿನ್ ಮಾಡಿದ ದರಪಟ್ಟಿ ಅಂಚೆಯಲ್ಲಿ ಹೋಗುತ್ತದೆ. ಹದಿನಾರು ವರ್ಷ ಅದನ್ನು ಕಳಿಸಿದವಳು ನಾನು, ನಾಗವೇಣಿ. ವಿಳಾಸ ಬರೆದು, ಬುಕ್ ಪೋಸ್ಟ್ ಆದ್ದರಿಂದ ಲಕೋಟೆಯ ಬಾಯಿ ಅಂಟಿಸದೆ ಒಳಕ್ಕೆ ಮಡಚಿ, ಪಿನ್‌ಕೋಡ್ ನೋಡಿ ಕಟ್ಟು ಕಟ್ಟಿ ಅಂಚೆ ಕಚೇರಿಗೆ ಸಾಗಿಸುತ್ತಿದ್ದೆ. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ವಾಪಸ್ ಬಂದ ಲಕೋಟೆಯ ಮೇಲೆ ಪೋಸ್ಟ್‌ಮ್ಯಾನ್ ಗೀಚಿದ್ದನ್ನು ಓದಿ, ಫೋನ್ ಮಾಡಿ ವಿಚಾರಿಸಿ, ವಿಳಾಸದ ಪುಸ್ತಕ ತಿದ್ದುತ್ತಿದ್ದೆ. ಯಾರು ಅಂಗಡಿ ಮುಚ್ಚಿದರು, ಯಾರು ಬೇರೆ ಬೀದಿಗೆ ಹೋದರು, ಯಾರು ತೀರಿಕೊಂಡರು, ಎಲ್ಲ ನನಗೆ ಗೊತ್ತಿತ್ತು.

ಈ ಸಂಕ್ರಾಂತಿ ಕಳೆದ ಮೇಲೆ ವಾಗೀಶ್ ವ್ಯಾಪಾರ ಕೈಗೆ ತೆಗೆದುಕೊಂಡ. ಮೂರನೇ ದಿನವೇ ಎಲ್ಲರ ಎದುರು ಅಂದ: "ಲಕೋಟಿ ಮಡಚಾಕ ಒಂದು ಆಳು ಯಾಕ್ರಿ? ಕಂಪ್ಯೂಟರ್ ಮಾಡ್ತೈತಿ. ಪುಸ್ತಕ ಇಟ್ಟು ಮನಿಗೆ ನಡೀರಿ."

ಆಳು. ಅವನ ಮದುವೆಯ ಲಗ್ನಪತ್ರಿಕೆಗಳಿಗೂ ವಿಳಾಸ ಬರೆದವಳು ನಾನೇ. ಹೊಲಿಯುವವರೆಲ್ಲ ಮಷಿನ್ ನಿಲ್ಲಿಸಿ ನೋಡಿದರು. ರೇವಣಸಿದ್ದಯ್ಯನವರು ಓದುತ್ತಿದ್ದ ಪೇಪರಿನಿಂದ ತಲೆ ಎತ್ತಲಿಲ್ಲ.

ಪುಸ್ತಕಗಳು ಎರಡಿದ್ದವು. ಒಂದು ನನ್ನ ಕೆಂಪು ಶಾಯಿಯ ತಿದ್ದುಪಡಿಗಳಿಂದ ತುಂಬಿದ್ದು, ನನ್ನ ಮನೆಯಲ್ಲಿತ್ತು. ಇನ್ನೊಂದು ಆರು ವರ್ಷ ಹಳೆಯದು, ಮುದ್ದಾದ ಅಕ್ಷರದ್ದು, ಕಚೇರಿಯ ಬೀರುವಿನಲ್ಲಿತ್ತು. ಹಳೆಯದನ್ನೇ ತೆಗೆದು ಅವನ ಮೇಜಿನ ಮೇಲಿಟ್ಟೆ. "ಎಷ್ಟು ನೀಟಾಗಿ ಐತಿ," ಎಂದು ಖುಷಿಪಟ್ಟ. ಮನೆಗೆ ಬರುವ ದಾರಿಯಲ್ಲಿ ನನಗೆ ನಗು ತಡೆಯಲಾಗಲಿಲ್ಲ. ಆ ಪುಸ್ತಕದಲ್ಲಿ ಇನ್ನೂ ಹೆಸರು ಉಳಿದಿದ್ದ ಸತ್ತವರ ನೆನಪು ಬಂತು, ಇಲ್ಲವೆನ್ನುವುದಿಲ್ಲ. ಬಂದದ್ದನ್ನು ಅತ್ತ ತಳ್ಳಿದೆ.

ಯುಗಾದಿ ಅಂಚೆ ಹೋಯಿತು. ಹದಿನೈದು ದಿನದಲ್ಲಿ ವಾಪಸ್ ಬಂದ ಲಕೋಟೆಗಳು ಎರಡು ಚೀಲ ತುಂಬಿದವು ಎಂಬ ಸುದ್ದಿ ಸಿಕ್ಕಿತು. ಅವತ್ತು ಪಾಯಸ ಮಾಡಿಕೊಂಡು ಉಂಡೆ.

ಅದಾದ ವಾರಕ್ಕೆ ವಾಗೀಶ್ ನಮ್ಮ ಮನೆಗೆ ಬಂದ. ಕುರ್ಚಿ ತೋರಿಸಲಿಲ್ಲ ನಾನು. ಚಾಪೆಯ ತುದಿಯಲ್ಲಿ ಕೂತ.

"ಅಕ್ಕ, ಇನ್ನೊಂದು ಪುಸ್ತಕ ಐತಂತ, ಅಪ್ಪ ಹೇಳಿದ್ರು. ಅದನ್ನ ಕೊಡ್ರಿ. ಹಳೇ ಗಿರಾಕಿಗಳೆಲ್ಲ ಬೈಯಾಕ ಹತ್ತ್ಯಾರ."

"ಆಳಿನ ಹತ್ರ ಪುಸ್ತಕ ಎಲ್ಲಿಂದ ಬರ್ತೈತ್ರಿ?" ಎಂದೆ. ಅವನು ತಲೆ ತಗ್ಗಿಸಿದ. ಇನ್ನಷ್ಟು ತಗ್ಗಿಸಲಿ ಎಂದು ನೋಡುತ್ತ ನಿಂತೆ. ಇಷ್ಟು ಸುಖ ನನಗೆ ಎಷ್ಟೋ ವರ್ಷದಿಂದ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಹೆಂಗಸು. ಐವತ್ತು ದಾಟಿದವರು, ಕೈಯಲ್ಲಿ ನಮ್ಮದೇ ಲಕೋಟೆ. ಮಡಕಶಿರಾದ ದ್ಯಾಮಮ್ಮ ಎಂದು ಹೆಸರು ಹೇಳಿದ ಕೂಡಲೇ ಗುರುತು ಹತ್ತಿತು. ಗಂಡ ಕಲ್ಲೇಶಪ್ಪ ನಾಲ್ಕು ವರ್ಷದ ಹಿಂದೆ ತೀರಿಕೊಂಡ ಮೇಲೆ ರೆಡಿಮೇಡ್ ಅಂಗಡಿಯನ್ನು ಈಕೆಯೇ ನಡೆಸುತ್ತಿದ್ದರು. ಫೋನಿನಲ್ಲಿ ಮಾತಾಡಿ ಅವರ ಹೆಸರಿಗೆ ವಿಳಾಸ ತಿದ್ದಿದವಳು ನಾನು. ಮುಖ ನೋಡಿದ್ದು ಇದೇ ಮೊದಲು. ಹೊಲಿಗೆ ಶೆಡ್ಡಿಗೆ ಹೋಗಿ, ನನ್ನನ್ನು ಕೆಲಸದಿಂದ ಬಿಡಿಸಿದ್ದನ್ನೂ ಯಜಮಾನ ಇಲ್ಲಿದ್ದಾನೆಂಬುದನ್ನೂ ಕೇಳಿ ಬಂದಿದ್ದರು. ಕೂರಿಸಿ ಕಾಫಿ ಕೊಟ್ಟೆ.

ದ್ಯಾಮಮ್ಮ ಲಕೋಟೆಯನ್ನು ವಾಗೀಶನ ಮುಂದಿಟ್ಟರು. ಒಳಗಿನ ಕಾಗದದಲ್ಲಿ ಕಂಪ್ಯೂಟರ್ ಅಚ್ಚಿನಲ್ಲಿ ಹೀಗಿತ್ತು: 'ಪ್ರಿಯ ಕಲ್ಲೇಶಪ್ಪನವರೇ, ತಮಗೆ ಆಯುರಾರೋಗ್ಯ ಕೋರುತ್ತಾ, ಈ ಹಬ್ಬಕ್ಕೆ ತಮ್ಮ ದಾರಿ ಕಾಯುತ್ತೇವೆ.'

"ಪೋಸ್ಟ್‌ನೋರು ಇದನ್ನ ನನ್ನ ಮೈದ್ನನ ಕೈಗೆ ಕೊಟ್ರು," ಎಂದರು ದ್ಯಾಮಮ್ಮ. "ಅವ್ನು ಅಂಗಡಿ ಮುಂದೆ ನಿಂತ್ಕಂಡು ಎಲ್ಲಾರ್ಗೂ ಓದಿ ಹೇಳ್ದ. 'ನೋಡ್ರಿ, ರಾಯದುರ್ಗದ ಸಾವ್ಕಾರ್ರೂ ಅಂಗಡಿ ನಮ್ಮಣ್ಣಂದೇ ಅಂತವ್ರೆ, ಇವಳದ್ದಲ್ಲ' ಅಂತ. ಬೀಗದ ಕೈ ಕೊಡು ಅಂತ ಕುಂತವ್ನೆ. ನನ್ನ ಹೆಸ್ರು ತೆಗೆದೋರು ಯಾರಪ್ಪ?"

ವಾಗೀಶ್ ನನ್ನ ಕಡೆ ನೋಡಿದ. ಈಗ ಬೆರಳು ತೋರಿಸುತ್ತಾನೆ ಅಂದುಕೊಂಡೆ. ತೋರಿಸಬಹುದಿತ್ತು, ಅವನಿಗೆ ಎಲ್ಲ ಗೊತ್ತಿತ್ತು.

"ತಪ್ಪು ನಂದ್ರಿ, ಅಮ್ಮ," ಎಂದ. "ನಾನೇ ನೋಡ್ಕೊಳ್ಳಲಿಲ್ಲ. ಬೇಕಾದ್ರ ನಿಮ್ಮ ಮೈದುನನ ಮುಂದ ಬಂದು ಹೇಳ್ತೀನಿ."

ದ್ಯಾಮಮ್ಮ ನನ್ನ ಕೈ ಹಿಡಿದುಕೊಂಡರು. "ನೀನಿದ್ದಾಗ ಒಂದ್ಸಲಾನೂ ಹಿಂಗಾಗ್ಲಿಲ್ಲ ಕಣಮ್ಮ."

ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವನು, ಆ ವಾಗೀಶ್, ನನ್ನನ್ನು ಕಾಪಾಡುವುದೇ? ಹದಿನಾರು ವರ್ಷ ದುಡಿದವಳನ್ನು ಆಳು ಅಂದವನ ಉಪಕಾರ ನನಗೆ ಬೇಕೇ? ಮೈಯೆಲ್ಲ ಉರಿಯಿತು. ಪಶ್ಚಾತ್ತಾಪದಿಂದ ಹೇಳಿದೆ ಎಂದು ಯಾರೂ ತಿಳಿಯಬೇಡಿ, ಆ ಉರಿಗೇ ಹೇಳಿದೆ.

"ಅವರದಲ್ಲ ತಪ್ಪು, ದ್ಯಾಮಮ್ಮ. ನಿಮ್ಮ ಹೆಸರಿದ್ದ ಪುಸ್ತಕ ಒಳಗೈತಿ. ಇವರ ಮೇಲಿನ ಸಿಟ್ಟಿಗೆ ಬೇಕಂತಲೇ ಹಳೇದು ಕೊಟ್ಟಾಕಿ ನಾನು."

ಅವರು ನನ್ನ ಕೈ ಬಿಟ್ಟರು. ಬೈದಿದ್ದರೆ ತಿರುಗಿ ಏನಾದರೂ ಅನ್ನುತ್ತಿದ್ದೆ. ಬೈಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಕೇಳಿದರು:

"ಇವ್ರ ಮೇಲಿನ ಸಿಟ್ಟಿಗೆ ನನ್ನ ಗಂಡನ್ನ ಯಾಕಮ್ಮ ಎಬ್ಬಿಸ್ದೆ?"

ಆಮೇಲೆ ಕಾಫಿ ಮುಟ್ಟದೆ ಎದ್ದರು. ಬಸ್ ಸ್ಟ್ಯಾಂಡಿಗೆ ಬಿಟ್ಟು ಬರುತ್ತೇನೆಂದು ವಾಗೀಶ್ ಅವರ ಹಿಂದೆ ಹೋದ. ಪುಸ್ತಕ ಕೊಡಿ ಎಂದು ಅವನು ಮತ್ತೆ ಕೇಳಲಿಲ್ಲ.