ಬಲಸೊಂಟದ ಮೇಲಿನ ಕೈ

ಕೋಚ್ ಡ್ರಿಸ್ಕಲ್ ಕಳೆದ ಪಂದ್ಯದ ಫಿಲ್ಮ್ ನಿಲ್ಲಿಸಿ, ಪರದೆಯ ಮೇಲೆ ಲೇಸರ್‌ನ ಕೆಂಪು ಚುಕ್ಕಿ ಬಿಟ್ಟ. "ನೋಡಿ, ನಾವು ಸೋತಿದ್ದು ಇಲ್ಲೇ. ಈ ಸಂದು ಮುಚ್ಚೋದು ಟೋಬಿನ್ ಕೆಲಸ. ಟೋಬಿನ್ ಎಲ್ಲಿ? ನಾಪತ್ತೆ!"

ಶಾಲೆಯ ಊಟದ ಹಾಲ್‌ನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬಾಯಿಗೆ ಒಯ್ಯುತ್ತಿದ್ದ ಚಮಚವನ್ನು ಮಾರ್ಲಾ ಕೊವಾಚ್ ಬಟ್ಟಲಿಗೆ ವಾಪಸು ಇಳಿಸಿದಳು. ಎದುರಿನ ಮೇಜಿನಲ್ಲಿ ಆಟಗಾರರ ನಡುವೆ ಕೂತಿದ್ದ ಅವಳ ಮಗ ಟೋಬಿನ್ ತಲೆ ಎತ್ತಲಿಲ್ಲ. ಅವನ ಕುತ್ತಿಗೆ ಮಾತ್ರ ಕೆಂಪಗಾಯಿತು.

ಶಾಲೆಯ ಅಮೆರಿಕನ್ ಫುಟ್‌ಬಾಲ್ ಪಂದ್ಯದ ನಂತರದ ಮಂಗಳವಾರ ಕಾರ್ವಿಲ್ ಊರಿಗೆ ಊರೇ ಚಿಲಿ ಎಂಬ ಮಾಂಸ-ಕಾಳಿನ ಖಾರದ ಗೊಜ್ಜು ತಿನ್ನಲು ಸೇರುತ್ತದೆ. ಫಿಲ್ಮ್ ನೋಡುತ್ತದೆ, ಆಮೇಲೆ ಹೆಲ್ಮೆಟ್‌ಗಳಿಗೆ ಸ್ಟಿಕ್ಕರ್ ಅಂಟಿಸುತ್ತದೆ. ಎದುರಾಳಿಯನ್ನು ಕೆಡವಿದವನಿಗೆ ಒಂದು ಪುಟ್ಟ ಸುತ್ತಿಗೆಯ ಚಿತ್ರ. ಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ ಕೇಡ್ ಹೇಗರ್‌ನ ಹೆಲ್ಮೆಟ್ ತುಂಬ ಸುತ್ತಿಗೆ. ಅಡಿಯ ಹಳದಿ ಬಣ್ಣ ಕಾಣುವುದೇ ಇಲ್ಲ. ಟೋಬಿನ್‌ನದು ಅಂಗಡಿಯಿಂದ ಈಗ ತಾನೇ ತಂದ ಹಾಗೆ ಬೋಳು.

ಯಾಕೆ ಬೋಳು ಎಂಬುದು ಆ ಹಾಲ್‌ನಲ್ಲಿ ಕೂತವರಿಗೆಲ್ಲ ಗೊತ್ತಿತ್ತು. ಮಾರ್ಲಾಗೆ ಉರಿಯುತ್ತಿದ್ದದ್ದೇ ಅದಕ್ಕೆ. ಟೋಬಿನ್ ಸಾಲಿನ ನಟ್ಟನಡುವೆ, ಎದುರು ತಂಡದಲ್ಲಿ ಚೆಂಡು ಕೊಡುವವನ ಮೂಗಿಗೆ ಮೂಗು ಹತ್ತುವಂತೆ, ಒಂದು ಕೈ ನೆಲಕ್ಕೂರಿ ನಿಲ್ಲುತ್ತಾನೆ. ಅವನ ಎಡಕ್ಕೊಂದು ಸಂದು, ಬಲಕ್ಕೊಂದು ಸಂದು. ಎರಡೂ ಅವನ ಜವಾಬ್ದಾರಿ. ಎದುರಿನವರು ಇಬ್ಬರು ಒಟ್ಟಿಗೆ ಅವನ ಮೇಲೆ ಬೀಳುತ್ತಾರೆ. ಅವನು ಆ ಇಬ್ಬರನ್ನೂ ತಬ್ಬಿ ನಿಲ್ಲುತ್ತಾನೆ. ಹಿಂದಿರುವ ಕೇಡ್ ಯಾರೂ ಮುಟ್ಟದ ಹಾಗೆ ಓಡಿಬಂದು ಚೆಂಡು ಹಿಡಿದವನನ್ನು ಕೆಡವುತ್ತಾನೆ. ಸುತ್ತಿಗೆ ಕೇಡ್‌ಗೆ. ಬೆನ್ನುನೋವಿನ ಎಣ್ಣೆ ಟೋಬಿನ್‌ಗೆ.

"ಹಾಗಾಗಿ ಶುಕ್ರವಾರ ಬ್ರೈಸ್ ನಡುವೆ ನಿಲ್ತಾನೆ. ಟೋಬಿನ್ ಬೆಂಚು" ಎಂದ ಕೋಚ್.

ಶುಕ್ರವಾರ ಕೊನೆಯ ಪಂದ್ಯ, ಮಿಲ್‌ಬ್ರೂಕ್ ವಿರುದ್ಧ. ಟೋಬಿನ್‌ನಂತೆ ಶಾಲೆಯ ಕೊನೆಯ ವರ್ಷದಲ್ಲಿರುವ ಹುಡುಗರು ಅಂದು ತಾಯಂದಿರ ಕೈ ಹಿಡಿದು ಮೈದಾನಕ್ಕೆ ಬರುತ್ತಾರೆ, ಅವರೇ ಆಟ ಶುರುಮಾಡುತ್ತಾರೆ. ಕಾಲು ಮುರಿದಿದ್ದರೂ ಊರುಗೋಲು ಹಿಡಿದು ನಿಂತ ಹುಡುಗರನ್ನು ಆ ಊರು ಕಂಡಿದೆ. ಬೆಂಚಿನಲ್ಲಿ ಕೂರಿಸಿದ್ದನ್ನು ಕಂಡಿಲ್ಲ.

ಮಾರ್ಲಾ ಎದ್ದು ನಿಂತಳು. "ಕೋಚ್, ಸ್ವಲ್ಪ ಹಿಂದಕ್ಕೆ ಓಡಿಸಿ."

"ಮಾರ್ಲಾ, ಇದು ಹುಡುಗರ ಜೊತೆ ನಾನು ಮಾತಾಡೋ ವಿಷಯ."

"ಊರಿನವರನ್ನೆಲ್ಲ ಕೂರಿಸಿಕೊಂಡು ಮಾತಾಡ್ತಿದ್ದೀರಲ್ಲ! ಹಿಂದಕ್ಕೆ ಓಡಿಸಿ."

ಕೇಡ್‌ನ ಅಪ್ಪ ವಾರನ್ ಹೇಗರ್ ಕುರ್ಚಿಗೆ ಒರಗಿ ನಕ್ಕ. ಇಡೀ ತಂಡದ ಶೂ ಅವನ ಖರ್ಚು. "ಔಷಧಿ ಅಂಗಡಿಯವರು ಈಗ ಆಟಕ್ಕೂ ಚೀಟಿ ಬರೀತಾರೇನಪ್ಪಾ?"

"ನಿಮಗೆ ಬೇಕಾದ್ರೆ ಹೇಳಿ ವಾರನ್, ಬಾಯಿ ಮುಚ್ಚೋ ಮಾತ್ರೆ ಇದೆ."

ಈ ಸಲದ ನಗು ಬೇರೆ ಕಡೆಯಿಂದ ಬಂತು. ಕೋಚ್ ಮುಖ ಬಿಗಿದುಕೊಂಡೇ ಫಿಲ್ಮನ್ನು ಹಿಂದಕ್ಕೆ ಓಡಿಸಿದ. ಮಾರ್ಲಾ ಪರದೆಯ ಹತ್ತಿರ ಹೋದಳು. ಔಷಧಿ ಅಂಗಡಿಯಲ್ಲಿ ದಿನವಿಡೀ ಸೀಸೆ, ಚೀಟಿ, ಗಿರಾಕಿಗಳ ಕೈ ನೋಡುತ್ತಲೇ ದುಡಿಯುವವಳು. ಅನುಮಾನ ಬಂದರೆ ಮತ್ತೊಮ್ಮೆ ನೋಡುವವಳು. ಪಂದ್ಯದಲ್ಲೂ ಚೆಂಡು ಏಳುವ ಮೊದಲು ಅವಳ ಕಣ್ಣು ಮಗನ ಸೊಂಟದ ಮೇಲೇ ಇರುತ್ತಿತ್ತು.

"ನಿಲ್ಲಿಸಿ. ಈ ಕೈ ಯಾರದು?"

ಪರದೆಯ ಮೇಲೆ ಟೋಬಿನ್ ನೆಲಕ್ಕೆ ಕೈಯೂರಿದ್ದ. ಹಿಂದಿನಿಂದ ಬಾಗಿದ ಕೇಡ್‌ನ ಅಂಗೈ ಅವನ ಬಲಸೊಂಟದ ಮೇಲೆ ಸ್ಪಷ್ಟವಾಗಿ ಕೂತಿತ್ತು.

ಆ ಕೈಯ ಅರ್ಥ ಅಲ್ಲಿನ ಅಜ್ಜಿಯರಿಗೂ ಗೊತ್ತು. ಬಲಸೊಂಟ ತಟ್ಟಿದರೆ, ನೀನು ಬಲಕ್ಕೆ ನುಗ್ಗು, ಈ ಸಲ ಎಡದ ಸಂದು ನನ್ನದು ಅಂತ. ಫಿಲ್ಮ್ ಮುಂದೆ ಓಡಿತು. ಟೋಬಿನ್ ಬಲಕ್ಕೆ ನುಗ್ಗಿದ. ಕೇಡ್ ತಾನೂ ಬಲಕ್ಕೇ ಓಡಿದ. ಎಡಗಡೆ ಬಾಗಿಲು ತೆಗೆದಿಟ್ಟ ಮನೆಯಂತಾಯಿತು. ಎದುರಾಳಿ ಅಲ್ಲಿಂದಲೇ ಕೊನೆಯ ಗೆರೆಯಾಚೆ ಓಡಿ ಟಚ್‌ಡೌನ್ ಗಳಿಸಿದ.

ಕೇಡ್ ತನ್ನ ಬಟ್ಟಲನ್ನೇ ನೋಡುತ್ತಿದ್ದ.

ಕೋಚ್ ಗಂಟಲು ಸರಿಮಾಡಿಕೊಂಡ. "ಕೈ ಏನೇ ಹೇಳ್ಲಿ, ನಡುವೆ ನಿಲ್ಲೋನಿಗೆ ಓಟ ಯಾವ ಕಡೆ ಅಂತ ಗೊತ್ತಾಗ್ಬೇಕು."

"ಹಾಗಿದ್ರೆ ತಟ್ಟೋದು ಯಾಕೆ? ಬೆನ್ನು ಸವರೋಕಾ?"

"ಲೈಟ್ ಹಾಕ್ರಪ್ಪಾ" ಎಂದ ಕೋಚ್. ಲೈಟು ಬಂತು. ಸ್ಟಿಕ್ಕರ್ ಹಾಳೆಯೂ ಬಂತು. ಸೋತ ಪಂದ್ಯಕ್ಕೂ ಕೇಡ್‌ಗೆ ಸುತ್ತಿಗೆ ಸಿಕ್ಕಿತು. ಜನ ಚಪ್ಪಾಳೆ ತಟ್ಟಿದರು. ಕಣ್ಣಾರೆ ಕಂಡ ಮೇಲೂ! ಮಾರ್ಲಾಗೆ ಕೋಚ್‌ಗಿಂತ ಆ ಚಪ್ಪಾಳೆಯ ಮೇಲೆ ಸಿಟ್ಟು ಬಂತು.

ಹೊರಗೆ ಟ್ರಕ್‌ನಲ್ಲಿ ಟೋಬಿನ್ ಬಾಗಿಲು ಎಳೆದುಕೊಂಡ ರಭಸಕ್ಕೆ ಗಾಜು ನಡುಗಿತು. "ಏನಮ್ಮಾ ನೀನು! ಅದು ಕೇಡ್ ತಪ್ಪು ಅಂತ ನಂಗೆ ಗೊತ್ತಿರ್ಲಿಲ್ವಾ?"

"ಗೊತ್ತಿದ್ದೂ ಬಾಯಿ ಬಿಡದೆ ಕೂತಿದ್ದೀಯಲ್ಲೋ!"

"ನಾನು ಹಿಂದೆ ತಿರುಗಿ ನೋಡೋಕಾಗಲ್ಲಮ್ಮ. ಆ ಕೈನ ನಂಬ್ಕೊಂಡೇ ಹೋಗ್ಬೇಕು. ಈಗ ಅವನು ನನ್ನ ಸೊಂಟ ಮುಟ್ತಾನಾ?"

ಹಿಂದಿನ ಸೀಟಿನಿಂದ ಅವಳ ಅಪ್ಪ ಎಮಿಲ್ ಕೆಮ್ಮಿದ. ಅವನೂ ಒಂದು ಕಾಲಕ್ಕೆ ಇದೇ ತಂಡದಲ್ಲಿ, ಇದೇ ಜಾಗದಲ್ಲಿ ನಿಂತವನು. ಅಡುಗೆಮನೆಯ ಕುರ್ಚಿಗಳನ್ನು ಸಾಲಾಗಿ ಇಟ್ಟು ಮೊಮ್ಮಗನಿಗೆ ನಿಲ್ಲುವುದನ್ನು ಕಲಿಸಿದವನೂ ಅವನೇ. "ಅವನು ಹೇಳೋದು ಸರಿ ಮಗಳೇ. ನಡುವೆ ನಿಲ್ಲೋರು ದೂರು ಹೇಳಲ್ಲ. ನಮ್ಮ ಕಾಲದಲ್ಲೂ ಹಿಂಗೇ ಇತ್ತು."

"ನಿಮ್ಮ ಕಾಲದಲ್ಲೂ ತಪ್ಪೇ ಆಗಿತ್ತಪ್ಪಾ" ಎಂದು ಅವಳು ಕೀಲಿ ತಿರುಗಿಸಿದಳು.

ಶುಕ್ರವಾರ ಮಾರ್ಲಾ ಮಗನ ಇನ್ನೊಂದು ಆಟದಂಗಿ ತೊಟ್ಟು, ಮಗನ ಕೈ ಹಿಡಿದು ಮೈದಾನದ ನಡುವಿನವರೆಗೆ ನಡೆದಳು. ಅಲ್ಲಿ ಕೋಚ್ ಹಲ್ಲು ಬಿಟ್ಟು ಕೈ ಚಾಚಿದ. ಅವಳು ತನ್ನ ಕೈಯನ್ನು ಹಸಿ ಬಟ್ಟೆಯಂತೆ ಅವನ ಅಂಗೈಯಲ್ಲಿಟ್ಟು ತೆಗೆದಳು. ಬೇರೆಯವರ ಮಕ್ಕಳು ಸಾಲಿಗೆ ಹೋದರು. ಅವಳ ಮಗ ಬೆಂಚಿಗೆ ಹೋದ.

ಮಾರ್ಲಾ ಗ್ಯಾಲರಿಗೆ ಹತ್ತಿ ಅಪ್ಪನ ಪಕ್ಕ ಕೂತಳು. ಆಟ ಶುರುವಾಯಿತು. ಬ್ರೈಸ್ ಒಳ್ಳೆಯ ಹುಡುಗ, ಆದರೆ ಅವನನ್ನು ತಳ್ಳಲು ಒಬ್ಬನೇ ಸಾಕಾಗುತ್ತಿತ್ತು. ಉಳಿದ ಇನ್ನೊಬ್ಬ ನೇರವಾಗಿ ಕೇಡ್‌ನ ಎದೆಗೇ ಬರುತ್ತಿದ್ದ. ಕೇಡ್ ಅಂಗಾತ ಬಿದ್ದ. ಎದ್ದ. ಮತ್ತೆ ಬಿದ್ದ. ಸುತ್ತಿಗೆಗಳ ಮೇಲೆಲ್ಲ ಹುಲ್ಲು, ಕೆಸರು. ಎರಡು ಸಾಲು ಕೆಳಗೆ ಕೂತಿದ್ದ ವಾರನ್ "ಏನಾಗಿದೆಯೋ ನಿಂಗೆ!" ಎಂದು ಕೂಗುತ್ತಲೇ ಇದ್ದ. ಏನಾಗಿದೆ ಎಂದು ಮಾರ್ಲಾ ಹೇಳಬಹುದಿತ್ತು. ತುಟಿ ಕಚ್ಚಿ ಕೂತಳು. ಇನ್ನು ಆಟದ ವಿಷಯಕ್ಕೆ ಬಾಯಿ ತೆರೆಯುವುದಿಲ್ಲ ಎಂದು ಮಗನಿಗೆ ಮಾತು ಕೊಟ್ಟಿದ್ದಳು.

ಮಿಲ್‌ಬ್ರೂಕ್ ಎರಡನೆಯ ಟಚ್‌ಡೌನ್ ಗಳಿಸಿದ ಮೇಲೆ ಕೇಡ್ ಮೈದಾನದಂಚಿಗೆ ಬಂದ. ನೀರು ಕುಡಿಯಲಿಲ್ಲ. ಸೀದಾ ಟೋಬಿನ್‌ನ ಮುಂದೆ ನಿಂತ. ಏನಂದನೋ ಅಷ್ಟು ದೂರಕ್ಕೆ ಕೇಳಿಸಲಿಲ್ಲ. ಮಾರ್ಲಾ ಕೈಗಳನ್ನು ನೋಡಿದಳು. ಕೇಡ್‌ನ ಕೈ ತನ್ನ ಎದೆಯನ್ನು ಮುಟ್ಟಿ, ತಪ್ಪು ನನ್ನದು ಎಂಬಂತೆ ಒಮ್ಮೆ ಬಡಿಯಿತು. ಆಮೇಲೆ ಟೋಬಿನ್‌ನ ಅಂಗಿಯನ್ನು ಹಿಡಿದು ಮೇಲೆಬ್ಬಿಸಿತು. ಕೋಚ್ ಕೈ ಬೀಸುತ್ತ ಓಡಿಬಂದ. ಟೋಬಿನ್ ಇಲ್ಲದೆ ತಾನೂ ಆಡುವುದಿಲ್ಲ ಎಂಬಂತೆ ಕೇಡ್ ಹೆಲ್ಮೆಟ್ ತೆಗೆದು ಬೆಂಚಿನ ಮೇಲಿಟ್ಟು ಕೂತುಬಿಟ್ಟ. ಕೋಚ್ ಅವನನ್ನು ನೋಡಿದ, ಜನರನ್ನು ನೋಡಿದ, ಕೊನೆಗೆ ಅದು ತನಗೇ ಹೊಳೆದ ಉಪಾಯ ಎಂಬಂತೆ ಟೋಬಿನ್‌ನ ಬೆನ್ನು ತಟ್ಟಿ ಮೈದಾನದೊಳಗೆ ಕಳಿಸಿದ. ಕೇಡ್ ಹೆಲ್ಮೆಟ್ ಹಾಕಿಕೊಂಡು ಅವನ ಹಿಂದೆಯೇ ಓಡಿದ.

"ಕಳ್ಳ ನನ್ಮಗ" ಎಂದ ಎಮಿಲ್ ಕೋಚ್‌ನತ್ತ ನೋಡಿ, ಮೆಲ್ಲಗೆ.

ಟೋಬಿನ್ ಕೈ ನೆಲಕ್ಕೂರಿದ. ಹಿಂದಿನಿಂದ ಕೇಡ್‌ನ ಅಂಗೈ ಬಂದು ಎಡಸೊಂಟದ ಮೇಲೆ ಬಿತ್ತು. ಟೋಬಿನ್ ಹಿಂದೆ ನೋಡಲಿಲ್ಲ. ಚೆಂಡು ಎದ್ದದ್ದೇ ಎಡಕ್ಕೆ ನುಗ್ಗಿದ. ಎದುರಿನ ಇಬ್ಬರೂ ಅವನಿಗೆ ಜೋತುಬಿದ್ದು, ಮೂವರೂ ಒಂದೇ ರಾಶಿಯಾಗಿ ಕುಸಿದರು. ಬಲದ ಸಂದಿನಲ್ಲಿ ಈ ಸಲ ಕೇಡ್ ಇದ್ದ. ಓಡಿಬಂದವನನ್ನು ನೆಲಕ್ಕೆ ಅಪ್ಪಳಿಸಿದ.

ಧ್ವನಿವರ್ಧಕ ಗುಡುಗಿತು. "ಕೆಡವಿದವರು, ಕೇಏಏಡ್ ಹೇಗರ್!"

ಜನ ಎದ್ದು ಕುಣಿದರು. ಅತ್ತ ಕೇಡ್ ಕುಣಿಯದೆ ಆ ರಾಶಿಯೊಳಗೆ ಕೈ ಹಾಕಿ ಟೋಬಿನ್‌ನನ್ನು ಎಳೆದು ನಿಲ್ಲಿಸುತ್ತಿದ್ದ. ಮಾರ್ಲಾ ಬೆಂಚಿನ ಮೇಲೆ ಹತ್ತಿ, ಮೇಲಿನ ಗಾಜಿನ ಕೋಣೆಯಲ್ಲಿ ಮೈಕು ಹಿಡಿದವನತ್ತ ತಿರುಗಿದಳು. ಮಗನಿಗೆ ಕೊಟ್ಟ ಮಾತು ಅಲ್ಲಿಗೆ ಮುಗಿಯಿತು.

"ಇಬ್ಬರನ್ನ ಹಿಡಿದವನ ಹೆಸರೂ ಹೇಳ್ರೀ! ಕಣ್ಣಿಲ್ವಾ ನಿಮಗೆ? ಟೋಬಿನ್ ಕೊವಾಚ್ ಅಂತ ಹೇಳ್ರೀ!"

ವಾರನ್ ತಿರುಗಿ ನೋಡಿದ. ಅಕ್ಕಪಕ್ಕದವರು ಮುಜುಗರದಿಂದ ಸರಿದು ಕೂತರು. ಅಪ್ಪ ಅಂಗಿ ಹಿಡಿದು ಎಳೆಯುತ್ತಾನೆ ಎಂದುಕೊಂಡಳು. ಎಮಿಲ್ ಎಳೆಯಲಿಲ್ಲ. ಕಾಫಿಯ ಫ್ಲಾಸ್ಕನ್ನು ತೆಗೆದುಕೊಂಡು ತಗಡಿನ ಬೆಂಚಿಗೆ ದಣದಣನೆ ಬಡಿಯತೊಡಗಿದ.